ನೀರು ಕೊಡದ ಬೆಳಗು

ಕೇಳಿದವರಿಗೆ ನೀರಿಲ್ಲ ಅಂದದ್ದು ನನ್ನ ಜನ್ಮದಲ್ಲಿ ಒಂದೇ ಸಲ. ಇಳಕಲ್ಲಿನ ನಮ್ಮ ಮನೆಗೆ ಯಾರೇ ಬರಲಿ, ಜಗಳಕ್ಕೆ ಬಂದವರೇ ಆಗಲಿ, ಮೊದಲು ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು. ಆಮೇಲೆ ಜಗಳ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಹುನಗುಂದದಾಚೆಯ ಕ್ರಾಸಿನಲ್ಲಿ ಕೂಡಲಸಂಗಮದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಬಳೆ ಮಾರುವ ಒಬ್ಬ ಹೆಂಗಸು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಮಂಜು ಇನ್ನೂ ಹರಿದಿರಲಿಲ್ಲ. ರಸ್ತೆಯ ಎರಡೂ ಕಡೆಯ ಬಿಳಿಜೋಳ ಹೊಲದಂತೆ ಕಾಣದೆ, ಯಾರೋ ನೇಯಲು ಮಗ್ಗಕ್ಕೆ ಕಟ್ಟಿಟ್ಟು ಮರೆತುಹೋದ ಉದ್ದೆಳೆಗಳ ಹಾಸಿನಂತೆ ಕಾಣುತ್ತಿತ್ತು.

ಆ ಮಂಜಿನೊಳಗಿಂದ ಸ್ಕೂಟಿಯ ದೀಪ ಬಂತು. ನಾಯಿಯೊಂದು ಅಡ್ಡ ಬಂತು. ದೀಪ ಮಗ್ಗುಲಾಯಿತು. ಸಪ್ಪಳ ಆಮೇಲೆ ಕೇಳಿಸಿತು, ಬೇರೆ ಊರಲ್ಲಿ ಯಾರೋ ಕೊಡ ಕೆಡವಿದ ಹಾಗೆ.

ಹೋಗಿ ನೋಡಿದರೆ ಇಪ್ಪತ್ತರ ಆಸುಪಾಸಿನ ಹುಡುಗಿ. ತಲೆಗೆ ಹೆಲ್ಮೆಟ್ಟು ಇತ್ತು. ಅಂಗಾತ ಬಿದ್ದಿದ್ದಳು, ಮೊಣಕಾಲ ಕೆಳಗೆ ರಕ್ತ. ಕಣ್ಣು ತೆರೆದೇ ಇತ್ತು.

"ಆಯಿ, ನೀರ…" ಅಂದಳು.

ನನ್ನ ಚೀಲದಲ್ಲಿ ಬಾಟಲಿ ಇತ್ತು. ಮುಚ್ಚಳ ತೆಗೆದು ಅವಳ ಬಾಯಿಯ ಹತ್ತಿರ ಒಯ್ದಿದ್ದೆ. ಅಷ್ಟರಲ್ಲಿ ಬಳೆಗಾರ್ತಿ ಆಂಬುಲೆನ್ಸಿಗೆ ಫೋನ್ ಹಚ್ಚಿ, ಆ ಕಡೆಯ ಹೆಣ್ಣುದನಿ ನನಗೂ ಕೇಳುವ ಹಾಗೆ ಹಿಡಿದಳು. "ನೀರು ಕೊಡಬೇಡಿ, ಉಸಿರಿಗೆ ಸಿಕ್ಕಿಕೊಳ್ಳುತ್ತೆ. ಏಳಿಸಬೇಡಿ, ಹೆಲ್ಮೆಟ್ ಎಳೀಬೇಡಿ. ಒಬ್ಬರು ತಲೆ ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡ್ಕೊಳ್ಳಿ. ರಕ್ತ ಬರೋ ಕಡೆ ಸ್ವಚ್ಛ ಬಟ್ಟೆ ಒತ್ತಿ."

"ನೀರೂ ಕೊಡಬ್ಯಾಡ ಅಂತಾಳಲ್ಲ, ಎಂಥ ಹೆಂಗಸ ಇಕಿ!" ಅಂದೆ.

"ಹೇಳಿದ್ದ ಕೇಳ ಬೇ ಆಯಿ. ಅಕಿಗೆ ದಿನಾ ಇದ ಕೆಲಸ" ಎಂದು ಬಳೆಗಾರ್ತಿ ತನ್ನ ಒಗೆದ ಶಾಲು ಮಡಿಚಿ ಹುಡುಗಿಯ ಕಾಲಿಗೆ ಒತ್ತಿ ಕೂತಳು. ನಾನು ಅವಳ ತಲೆಯ ಹಿಂದೆ ರಸ್ತೆಯ ಮೇಲೆಯೇ ಕೂತು ಹೆಲ್ಮೆಟ್ಟಿನ ಎರಡೂ ಕಡೆ ಅಂಗೈ ಕೊಟ್ಟೆ.

ಒಂದು ಟೆಂಪೋ ಬಂದು ನಿಂತಿತು. ಡ್ರೈವರ್ ಇಳಿದವನೇ ಹುಡುಗಿಯ ಬಗಲಿಗೆ ಕೈ ಹಾಕಿದ.

"ಅತ್ಲಾಗ ಸರಿ ಆಯಿ, ಎತ್ತಿ ಹಿಂದ ಹಾಕ್ಕೊಂಡ ಹೋಗೂಣು. ಹತ್ತ ಮಿನಿಟಿನ್ಯಾಗ ದವಾಖಾನಿ."

"ಕೈ ತಗಿ. ಇಕಿ ಏನ ಜೋಳದ ಚೀಲ ಅಲ್ಲ."

"ಸತ್ರ ನೀ ಹೊಣಿ ಆಗ್ತಿಯೇನ?"

"ಆಗ್ತೇನಿ. ನೀ ಗಾಡಿ ಒಯ್ದು ಹಿಂದ ಅಡ್ಡ ನಿಲ್ಲಸು, ದೀಪಾ ಹಚ್ಚು. ಮಂಜಿನ್ಯಾಗ ಬಂದವ್ರು ನಮ್ಮ ಮ್ಯಾಲೂ ಗಾಡಿ ಹಾಯಿಸಿ ಹೋಗ್ತಾರ."

ಬೈಯುತ್ತಲೇ ಹೋಗಿ ನಿಲ್ಲಿಸಿದ. ಹೊಣೆ ಅಂತ ಅಂದುಬಿಟ್ಟಿದ್ದೆ; ಅವನ ಮಾತೇ ಖರೆಯಾದರೆ ಈ ಹುಡುಗಿ ನನ್ನ ಕೈಯಲ್ಲೇ ಹೋಗುತ್ತಾಳೆ ಎಂದು ಆಮೇಲೆ ಹೊಳೆಯಿತು.

"ಆಯಿ, ಒಂದ ಗುಟುಕು" ಎಂದು ಹುಡುಗಿ ಬಾಟಲಿಯ ಕಡೆ ತಲೆ ಹೊರಳಿಸಲು ನೋಡಿದಳು. ಬಿಡಲಿಲ್ಲ.

"ಅದನ್ನ ನೋಡಬ್ಯಾಡ. ನನ್ನ ಮಾರಿ ನೋಡು."

"ಉಲ್ಟಾ ಕಾಣಾಕತ್ತೈತಿ."

"ನೆಟ್ಟಗ ನೋಡಿದ್ರೂ ಚಂದೇನಿಲ್ಲ."

ನಾವು ನೇಯುವ ಇಳಕಲ್ಲ ಸೀರೆಗೆ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ನಮ್ಮತ್ತೆ ಕೂಡಿಸುತ್ತಿದ್ದಳು, ನಾನು ಹಿಡಿದು ಕೂರುತ್ತಿದ್ದೆ. ಹಿಡಿದವಳು ಅಲುಗಿದರೆ ಎಲ್ಲಾ ಸಿಕ್ಕು. "ಕೆಮ್ಮು ಬಂದ್ರ ನುಂಗು" ಅನ್ನುತ್ತಿದ್ದಳು ಅತ್ತೆ.

ಆ ರಸ್ತೆಯ ಮೇಲೆ ನನ್ನ ಕೈಗಳು ತಾವಾಗಿಯೇ ಆ ಹಿಡಿತಕ್ಕೆ ಬಂದವು. ಮಂಜು ನಮ್ಮ ಮೇಲೆ ಹಾದುಹೋಯಿತು. ಜೋಳದ ದಂಟುಗಳು ಉದ್ದವಾಗುತ್ತ ಆಕಾಶದವರೆಗೆ ಎಳೆಯಾಗಿ ಹೋದವು. ಸೂರ್ಯ ಅವುಗಳ ನಡುವೆ ಲಾಳಿಯ ಹಾಗೆ ಸರಿದ. ಸತ್ತು ಎಷ್ಟೋ ವರ್ಷವಾದ ಅತ್ತೆ ಎದುರಿಗೆ ಕೂತು, ಅವಸರವಿಲ್ಲದೆ ಒಂದೊಂದೇ ಕೊಂಡಿ ಹಾಕುತ್ತಿದ್ದಳು. ನನಗೆ ಕೆಮ್ಮು ಬಂತು. ನುಂಗಿದೆ. ಚಳಿ, ಖಾಲಿ ಹೊಟ್ಟೆ. ಆಗ ಇಂಥವೆಲ್ಲ ಕಾಣುತ್ತವೆ. ದೊಡ್ಡ ಮಾತೇನಲ್ಲ.

ಹುಡುಗಿ ಇನ್ನೂ ಎಷ್ಟು ಸಲ ನೀರು ಕೇಳಿದಳೋ. ಅಷ್ಟೂ ಸಲ ಇಲ್ಲ ಅಂದೆ.

ಆಂಬುಲೆನ್ಸಿನವರು ಬಂದು ಅವಳ ಕುತ್ತಿಗೆಗೆ ಪಟ್ಟಿ ಕಟ್ಟಿದರು, ಮೈ ಮಡಿಚದಂತೆ ಹಲಗೆಯ ಮೇಲೆ ಸರಿಸಿದರು. "ಇನ್ನ ಬಿಡ್ರಿ ಆಯಿ" ಅಂದರು. ನನ್ನ ಬೆರಳು ಬಿಚ್ಚಲಿಲ್ಲ. ಬಳೆಗಾರ್ತಿ ಬಳೆ ಇಡುವಾಗ ಮಾಡುವ ಹಾಗೆ ನಾದಿ ನಾದಿ ಬಿಡಿಸಿದಳು. ಬಾಟಲಿ ಅಲ್ಲೇ ಇತ್ತು. ಆ ನೀರನ್ನು ನಾನೂ ಕುಡಿಯಲಿಲ್ಲ.

ಬೇಸಿಗೆಯಲ್ಲಿ ಆ ಹುಡುಗಿ ಬಳೆಗಾರ್ತಿಯನ್ನು ಕೇಳಿಕೊಂಡು ನಮ್ಮ ಮನೆ ಹುಡುಕಿ ಬಂದಳು. ಸ್ವಲ್ಪ ಕುಂಟುತ್ತಿದ್ದಳು. ಕುತ್ತಿಗೆಯ ಎಲುಬು ಬಿರಿದಿತ್ತಂತೆ. ಎತ್ತಿ ಕೂರಿಸಿದ್ದರೆ ಕೈಕಾಲು ಹೋಗುತ್ತಿದ್ದವು ಎಂದರಂತೆ ಬಾಗಲಕೋಟೆಯ ಡಾಕ್ಟರು. ಇನ್ನೂ ಏನೇನೋ ಹೇಳಲು ಹೊರಟಳು.

"ಮೊದಲ ಕುಂಡ್ರು" ಎಂದು ಬೆಲ್ಲ, ನೀರು ತಂದಿಟ್ಟೆ.

ಬೆಲ್ಲ ಮುಟ್ಟಲಿಲ್ಲ. ತಲೆ ಹಿಂದಕ್ಕೆ ಚೆಲ್ಲಿ, ತಂಬಿಗೆ ಎತ್ತಿ ಗಟಗಟ ಕುಡಿದಳು. ಆ ಕುತ್ತಿಗೆ ಆಡುವುದನ್ನೇ ನೋಡುತ್ತ ನಿಂತೆ.

"ಇನ್ನೊಂದ ತಂಬಿಗಿ, ಆಯಿ" ಅಂದಳು.

ತಂದುಕೊಟ್ಟೆ.