ರದ್ದಿ ಓದುವ ಅಕ್ಕ

ಚೆನ್ನಾಗಿದ್ದೇನೆ ಎಂದು ಸುಳ್ಳು ಹೇಳುವ ಯಂತ್ರವನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೆಟ್ಟಿದ್ದರೆ ಕೆಟ್ಟಿದ್ದೇನೆ ಎನ್ನಲಿ, ಬಂದು ನೋಡುತ್ತೇನೆ, ಅದೇ ನನ್ನ ಹೊಟ್ಟೆಪಾಡು. ಅಂಧ ಮಕ್ಕಳ ಶಾಲೆಯ ಅಚ್ಚುಕೋಣೆಗೆ ಹೊಸದಾಗಿ ಬಂದ ಬ್ರೈಲ್ ಪ್ರಿಂಟರ್ ಎರಡು ದಿನ ನನ್ನನ್ನು ಹೀಗೆಯೇ ಸತಾಯಿಸಿತು. ಸರ್ವರ್‌ನ ಪರದೆಯ ಮೇಲೆ ‘ಸಿದ್ಧವಾಗಿದೆ’ ಎಂಬ ಹಸಿರು ಅಕ್ಷರ. ಹೊರಗೆ ಬರುವ ಹಾಳೆಯ ತುಂಬ ಮಾತ್ರ ತಲೆಬುಡವಿಲ್ಲದ ಉಬ್ಬುಚುಕ್ಕಿಗಳು.

ಆ ಕೋಣೆಯ ಯಜಮಾನಿ ಚುಕ್ಕಿ ಅಕ್ಕ. ಕಾಗದಪತ್ರದಲ್ಲಿ ಅವರು ಬರೀ ಕರಡು ತಿದ್ದುವವರು. ಹುಟ್ಟಿದಾಗಿನಿಂದ ಕಣ್ಣು ಕಾಣದು. ಇಪ್ಪತ್ತೆಂಟು ವರ್ಷದಿಂದ ಆ ಶಾಲೆಯ ಒಂದೊಂದು ಪುಸ್ತಕವೂ ಅವರ ಬೆರಳು ದಾಟಿಯೇ ಮಕ್ಕಳ ಕೈಗೆ ಹೋಗಿದೆ. ‘ಚುಕ್ಕಿ ಅಕ್ಕ’ ಎಂದು ಹೆಸರಿಟ್ಟವರೂ ಆ ಮಕ್ಕಳೇ. ಬಾಗಿಲ ಪಕ್ಕದಲ್ಲಿ ಉದ್ದನೆಯ ಮೇಜು, ಮೇಜಿನ ತುದಿಗೆ ಅವರ ಚಹಾ ಲೋಟ, ಕಾಲ ಬಳಿ ಒಂದು ಬಟ್ಟೆಯ ಚೀಲ. ಲೋಟ ಒಂದು ಗೇಣು ಆಚೀಚೆಯಾದರೂ ಯಾರು ಸರಿಸಿದರು ಎಂದು ಹೇಳಬಲ್ಲರು.

ಚೀಲದಲ್ಲಿ ಇರುತ್ತಿದ್ದದ್ದು ರದ್ದಿ. ಯಂತ್ರ ತಪ್ಪಾಗಿ ಒತ್ತಿದ ಹಾಳೆಗಳನ್ನು ಅಕ್ಕ ಬಿಸಾಡಗೊಡುತ್ತಿರಲಿಲ್ಲ. ಮನೆಗೆ ಒಯ್ದು, ತೊಡೆಯ ಮೇಲೆ ಹರಡಿಕೊಂಡು, ಮೊದಲಿಂದ ಕೊನೆಯವರೆಗೆ ಓದುತ್ತಿದ್ದರು. ತಮ್ಮನ ಸಂಸಾರದ ಜೊತೆ ಇರುವವರು ಅವರು. ನಾದಿನಿ ಆಡಿಕೊಳ್ಳುವುದನ್ನು ಅವರೇ ನಗುತ್ತ ಹೇಳುತ್ತಿದ್ದರು: “ಬೇರೆಯವ್ರ ಮನೇಲಿ ಪೇಪರ್ ಓದ್ತಾರೆ, ನಮ್ಮ ಮನೇಲಿ ಅತ್ತಿಗೆ ಕಸ ಓದ್ತಾರೆ ಅಂತಾಳೆ!”

“ಕಸದಲ್ಲಿ ಏನಕ್ಕ ಇರುತ್ತೆ?” ಎಂದು ಕೇಳಿದ್ದೆ.

“ಒಂದ್ಸಲ ಭೂಗೋಳದ ಪಾಠದ ಮಧ್ಯೆ ಅಂಗಡಿ ಸಾಮಾನಿನ ಪಟ್ಟಿ ಬಂದಿತ್ತು. ಹೆಡ್‌ಮಾಸ್ಟರ ಮನೆಗೆ ಆ ತಿಂಗಳು ಎಷ್ಟು ಸೋಪು ಬೇಕಿತ್ತು ಅಂತ ಈ ಊರಲ್ಲಿ ನಂಗೊಬ್ಳಿಗೇ ಗೊತ್ತು.”

ಹಳೆಯ ಬ್ರೈಲ್ ಯಂತ್ರ ಕೈಕೊಟ್ಟದ್ದು ಪರೀಕ್ಷೆಯ ಹೊತ್ತಿಗೆ ಸರಿಯಾಗಿ. ಹೊಸದನ್ನು ಸರ್ವರ್‌ಗೆ ಜೋಡಿಸಲು ನನ್ನನ್ನು ಕರೆಸಿದರು. ಮೊದಲು ‘ಪ್ರಿಂಟರ್ ಸಿಗುತ್ತಿಲ್ಲ’ ಎಂದಿತು. ಕೇಬಲ್ಲು ಸಡಿಲವಾಗಿತ್ತು, ಗಟ್ಟಿಯಾಗಿ ಚುಚ್ಚಿದೆ. ಆಮೇಲೆ ‘ನಿಮಗೆ ಅನುಮತಿಯಿಲ್ಲ’ ಎಂದಿತು. ಕಚೇರಿಗೆ ಓಡಿ, ಹೆಡ್‌ಮಾಸ್ಟರ ಪಾಸ್‌ವರ್ಡ್ ಕೇಳಿ ತಂದೆ. ಮೂರನೆಯ ಸಲ ಎಲ್ಲವೂ ಸುಸೂತ್ರವಾಗಿ ಮುಗಿದು ಹಸಿರು ಅಕ್ಷರ ಬಂತು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಅಳಿಸಿ ಮತ್ತೆ ಹಾಕಿದೆ, ಸರ್ವರ್ ನಿಲ್ಲಿಸಿ ಮತ್ತೆ ಎಬ್ಬಿಸಿದೆ. ಹಸಿರು ಅಕ್ಷರ ಹಾಗೇ ಇತ್ತು, ಕಸವೂ ಹಾಗೇ ಬರುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ಹೆಡ್‌ಮಾಸ್ಟರು ಬಂದು ಬಾಗಿಲಲ್ಲೇ ನಿಂತು ಹೇಳಿದರು. “ಬೆಳಿಗ್ಗೆ ಹತ್ತಕ್ಕೆ ಗಣಿತದ ಪರೀಕ್ಷೆ, ಹನ್ನೊಂದು ಮಕ್ಕಳು ಕಾಯ್ತಿದ್ದಾರೆ. ಐದು ಗಂಟೆ ಒಳಗೆ ಪ್ರಶ್ನೆಪತ್ರಿಕೆ ಲಕೋಟೆಗೆ ಹೋಗ್ಲಿಲ್ಲ ಅಂದ್ರೆ ಯಾರಾದ್ರೂ ಓದಿ ಹೇಳೋದು, ಅಷ್ಟೇ.”

ಅವರು ಹೋದ ಮೇಲೆ ಅಕ್ಕನ ಮುಖ ಗಂಟಿಕ್ಕಿತು. ಅವರನ್ನು ಹಾಗೆ ನಾನು ಕಂಡೇ ಇರಲಿಲ್ಲ.

“ನಂಗೂ ಹತ್ತನೇ ಕ್ಲಾಸಲ್ಲಿ ಓದಿ ಹೇಳಿದ್ರು,” ಎಂದರು. “ಒಂದು ಲೆಕ್ಕದಲ್ಲಿ ಒಂದು ಸಾಲು ನುಂಗ್ಬಿಟ್ರು. ಆಯತದ ಅಗಲಾನೇ ಹೇಳ್ಲಿಲ್ಲ. ಒಂದು ಗಂಟೆ ಒದ್ದಾಡ್ದೆ.”

“ಕೇಳ್ಬಹುದಿತ್ತಲ್ಲ ಅಕ್ಕ?”

“ಏನಂತ ಕೇಳ್ಲಿ? ಲೆಕ್ಕದಲ್ಲೇ ಏನೋ ಗುಟ್ಟಿದೆ, ನನ್ನ ತಲೆಗೆ ಹತ್ತುತ್ತಿಲ್ಲ ಅಂದ್ಕೊಂಡೆ. ಮನೆಗೆ ಬಂದ್ಮೇಲೆ ಪಕ್ಕದ್ಮನೆ ಹುಡುಗಿ ಪೇಪರ್ ಓದಿದಾಗ ಗೊತ್ತಾಯ್ತು. ಮೂರು ಮಾರ್ಕಲ್ಲಿ ಫೇಲು. ಅಪ್ಪ ಮತ್ತೆ ಪರೀಕ್ಷೆಗೆ ಕಟ್ಟಿಸ್ಲಿಲ್ಲ.”

ಮಾತಿನ ಬದಲು ಕೈಗೆ ಕೆಲಸ ಕೊಡುವುದು ನನ್ನ ಚಾಳಿ. ಯಂತ್ರ ಸರಿಹೋಯಿತೇ ಎಂದು ನೋಡಲು ಇನ್ನೊಂದು ಹಾಳೆ ಒತ್ತಿಸಿದೆ. ಮತ್ತದೇ ಕಸ. ಸಿಟ್ಟು ನೆತ್ತಿಗೇರಿ ಅದನ್ನು ಪರ್ರನೆ ಹರಿದೆ.

“ಯಾಕೆ ಹರಿದೆ?” ಅಕ್ಕ ಗದರಿದರು. “ಓದಿದೆಯಾ?”

“ಕಸ ಅಕ್ಕ ಅದು. ಓದೋಕೆ ಏನಿದೆ?”

“ಅದು ಕಸ ಅಂತ ನಿಂಗೆ ಯಾರು ಹೇಳಿದ್ರು? ನಿಂಗೆ ಓದೋಕ್ ಬರಲ್ಲ, ಅಷ್ಟೇ ತಾನೆ? ತಾ ಇಲ್ಲಿ.”

ಎರಡು ತುಂಡುಗಳನ್ನೂ ಮೇಜಿನ ಮೇಲೆ ಜೋಡಿಸಿಟ್ಟುಕೊಂಡರು. ಎಡಗೈ ಬೆರಳು ಸಾಲಿನ ತುದಿ ಹಿಡಿದಿತ್ತು, ಬಲಗೈ ಬೆರಳು ಓಡುತ್ತಿತ್ತು. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅವರ ಮುಖದಲ್ಲಿ ಮಕ್ಕಳಿಗಿರುವಂಥ ಕುತೂಹಲ ಕಾಣಿಸಿಕೊಂಡಿತು. ಚೀಲದಿಂದ ನಿನ್ನೆಯ ನಾಲ್ಕು ಹಾಳೆ ತೆಗೆದು ಅವುಗಳ ನೆತ್ತಿಯನ್ನೂ ಮುಟ್ಟಿ ನೋಡಿದರು.

“ನಿನ್ನೆ ಈ ಯಂತ್ರದ ರಾಮಾಯಣದಲ್ಲಿ ಮನೆಗೆ ಒಯ್ಯೋದೇ ಮರ್ತೆ,” ಎಂದು ಗೊಣಗಿಕೊಂಡರು. ಆಮೇಲೆ, “ಎಲ್ಲದರಲ್ಲೂ ಶುರು ಒಂದೇ ಥರ ಇದೆ ಕಣೋ. ಇಂಗ್ಲಿಷ್ ಅಕ್ಷರ. ಪಿ, ಜೆ, ಎಲ್. ಆಮೇಲೆ ‘ಸೆಟ್’ ಅಂತಿದೆ. ಏನೇನೋ ಅಂಕಿ. ಆಮೇಲೆ... ತಾಳು. ‘ಲೇಸರ್’ ಅಂತಿದೆ. ಲೇಸರ್ ಅಂದ್ರೆ ಏನು?”

ನಾನು ತಟ್ಟನೆ ಸರ್ವರ್ ಕಡೆ ತಿರುಗಿದೆ. ಲೇಸರ್ ಪ್ರಿಂಟರ್ ಎಂದರೆ ಮಾಮೂಲಿ ಶಾಯಿಪುಡಿಯ ಪ್ರಿಂಟರ್. ಹಿಂದಿನ ವರ್ಷ ಅಂಥದ್ದೊಂದು ಇದೇ ಕೋಣೆಯಲ್ಲಿತ್ತು, ಸುಟ್ಟುಹೋಯಿತು, ಹೊರಗೆ ಸಾಗಿಸಿದೆವು. ಅದಕ್ಕಿದ್ದ ನೆಟ್‌ವರ್ಕ್ ವಿಳಾಸವನ್ನೇ ನಾನು ಹೊಸ ಬ್ರೈಲ್ ಯಂತ್ರಕ್ಕೆ ಕೊಟ್ಟಿದ್ದೆ. ಹಳೆಯ ಬಾಡಿಗೆದಾರ ಖಾಲಿ ಮಾಡಿದ್ದು ಸರ್ವರ್‌ಗೆ ತಿಳಿದಿರಲಿಲ್ಲ. ಯಂತ್ರದ ಜೊತೆ ಮಾತಾಡಲು ಅದಕ್ಕೆ ಡ್ರೈವರ್ ಎಂಬ ದುಭಾಷಿ ಬೇಕು. ಅದು ಲೇಸರ್‌ನ ದುಭಾಷಿಯನ್ನೇ ಇಟ್ಟುಕೊಂಡು ಲೇಸರ್‌ನ ಭಾಷೆಯಲ್ಲೇ ಆಜ್ಞೆ ಕಳಿಸುತ್ತಿತ್ತು. ಬಡಪಾಯಿ ಬ್ರೈಲ್ ಯಂತ್ರ ಆ ಆಜ್ಞೆಗಳನ್ನೇ ಅಕ್ಷರಗಳೆಂದು ನಂಬಿ ಒಂದೂ ಬಿಡದೆ ಹಾಳೆಯ ಮೇಲೆ ಒತ್ತುತ್ತಿತ್ತು.

ಮತ್ತೆ ಅಳಿಸಿ ಮೊದಲಿಂದ ಶುರು ಮಾಡಿದೆ, ಈ ಸಲ ಪರದೆಯನ್ನು ನಿಧಾನವಾಗಿ ಓದುತ್ತ. ಮೂರನೆಯ ಪುಟದ ಅಡಿಯಲ್ಲಿ ಸಣ್ಣಕ್ಷರದ ಒಂದು ಸಾಲಿತ್ತು: ‘ಈ ವಿಳಾಸಕ್ಕೆ ಈಗಾಗಲೇ ಒಂದು ಡ್ರೈವರ್ ಇದೆ. ಅದನ್ನೇ ಉಳಿಸಿಕೊಳ್ಳಬೇಕೇ?’ ಎರಡು ದಿನವೂ ಪ್ರತಿ ಸಲವೂ ಓದದೆ ‘ಹೌದು’ ಒತ್ತಿದವನು ನಾನೇ. ಯಂತ್ರ ಸುಳ್ಳು ಹೇಳಿರಲಿಲ್ಲ.

“ಏನಾಗಿತ್ತೋ?” ಎಂದರು ಅಕ್ಕ.

“ನಾನೂ ಒಂದು ಸಾಲು ನುಂಗಿದ್ದೆ ಅಕ್ಕ.”

ಅವರು ‘ಹ್ಞೂಂ’ ಎಂದರು.

ಬೇಡ ಎಂದು ಒತ್ತಿ ಸರಿಯಾದ ಡ್ರೈವರ್ ಹಾಕಿದೆ. ನಾಲ್ಕೂಕಾಲಿಗೆ ಯಂತ್ರ ಟಕಟಕ ಎಂದು, ಮಗುವಿಗೊಂದರಂತೆ, ಪ್ರಶ್ನೆಪತ್ರಿಕೆಯ ಹನ್ನೊಂದು ಹಾಳೆ ಒತ್ತಿತು. ಅಕ್ಕ ಮೊದಲನೆಯದನ್ನು ಓದಿ ಸರಿಯಿದೆ ಎಂದರು. ನಾನು ಬ್ಯಾಗಿನ ಜಿಪ್ಪು ಎಳೆಯುತ್ತಿದ್ದೆ, ಅವರು ಎರಡನೆಯದನ್ನು ಎಳೆದುಕೊಂಡರು.

“ಎಲ್ಲಾ ಒಂದೇ ಫೈಲಿಂದ ಬಂದಿದ್ದು ಅಕ್ಕ. ಒಂದು ಸರಿ ಇದ್ರೆ ಎಲ್ಲಾ ಸರಿ.”

“ಹೋಗೋದಿದ್ರೆ ಹೋಗು,” ಎಂದು ಓದುತ್ತಲೇ ಇದ್ದರು.

ಐದಕ್ಕೆ ಇಪ್ಪತ್ತು ನಿಮಿಷವಿದ್ದಾಗ ಏಳನೆಯ ಹಾಳೆಯಲ್ಲಿ ಬೆರಳು ನಿಂತಿತು. ಹಿಂದೆ ಹೋಗಿ ಮತ್ತೆ ಬಂದಿತು.

“ನಾಲ್ಕನೇ ಲೆಕ್ಕ, ಎರಡನೇ ಸಾಲು. ಚಪ್ಪಟೆಯಾಗಿದೆ.”

ನಾನು ಬಗ್ಗಿ ನೋಡಿದೆ. ಬಿಳಿಯ ಮೇಲೆ ಬಿಳಿ, ನನ್ನ ಕಣ್ಣಿಗೆ ಎಲ್ಲ ಸಾಲೂ ಒಂದೇ. ಕಾಗದ ಎಲ್ಲೋ ಉರುಳೆಯಡಿ ಸಿಕ್ಕಿರಬೇಕು. ಬ್ಯಾಗು ಕೆಳಗಿಟ್ಟು ಇನ್ನೊಂದು ಪ್ರತಿ ಒತ್ತಿಸಿದೆ. ಅಕ್ಕ ಮೊದಲು ಆ ಸಾಲನ್ನೇ ಹುಡುಕಿ ಎರಡು ಸಲ ಓದಿದರು, ಆಮೇಲೆ ಉಳಿದದ್ದನ್ನೆಲ್ಲ. ಹೆಡ್‌ಮಾಸ್ಟರು ಬಾಗಿಲಿಗೆ ಬಂದಾಗ ಹನ್ನೊಂದನೆಯದು ಮುಗಿದಿತ್ತು. ಅಕ್ಕ ಹಾಳೆಗಳನ್ನು ಲಕೋಟೆಗೆ ಹಾಕಿ ಅವರ ಕೈಗೆ ಕೊಟ್ಟರು.

ಕೆಟ್ಟ ಹಾಳೆ ಚೀಲಕ್ಕೆ ಹೋಗುತ್ತದೆ ಅಂದುಕೊಂಡಿದ್ದೆ. ಅದನ್ನು ನನ್ನ ಕಡೆ ಚಾಚಿದರು.

“ಪರೀಕ್ಷೆ ಪೇಪರು, ಹೊರಗೆ ಹೋಗಬಾರದು. ಓದಿ ಆಯ್ತು. ಈಗ ಹರಿ.”

ಹರಿಯುವ ಮುಂಚೆ ನಾನೂ ಅದರ ಮೇಲೆ ಬೆರಳಾಡಿಸಿದೆ. ಉಳಿದ ಸಾಲುಗಳು ಬೆರಳಿಗೆ ಚುಚ್ಚಿದವು, ಆ ಒಂದು ಸಾಲು ಚುಚ್ಚಲಿಲ್ಲ. ಅಷ್ಟು ಮಾತ್ರ ನನಗೂ ಓದಲು ಬಂತು.