ಬಣ್ಣ ಬಿಡದ ಕಾಲು

ಬೇಸಿಗೆ ಮುಗಿಯುತ್ತ ಬಂದು ಬಾಗಲಕೋಟೆಯ ಹಿನ್ನೀರು ಹಿಂದೆ ಸರಿದಿದೆ. ಇವತ್ತು ಬೆಳಿಗ್ಗೆ ದಂಡೆಯ ಹಸಿ ರಾಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಚಿಕ್ಕ ಹುಡುಗಿಯಾಗಿ ಇಳಕಲ್ಲಿನ ನಮ್ಮ ನೇಕಾರರ ಓಣಿಯಲ್ಲಿದ್ದೆ.

ಅಂದು ಕೆರೆಯಿಂದ ಏದುಸಿರು ಬಿಡುತ್ತ ಮನೆಗೆ ಓಡಿ ಬಂದಿದ್ದೆ. "ಕೆರ‍್ಯಾಗ ಒಂದು ಹಕ್ಕಿ ಬಂದೈತಿ! ಅದರ ಕಾಲು ನಮ್ಮ ಸೀರಿ ಸೆರಗಿನಂಗ ಕೆಂಪಗ ಅದಾವ!"

ಅಣ್ಣ ಬಿದ್ದು ಬಿದ್ದು ನಕ್ಕ. "ಬಣ್ಣದ ಗಟಾರದಾಗ ನಿಂತು ಬಂದಿರತೈತಿ ಬಿಡ." ಮನೆಮಂದಿಯೂ ನಕ್ಕರು. ನನಗೆ ಅಳುವೇ ಬಂತು.

ಅಜ್ಜಿ ಮಾತ್ರ ನಗಲಿಲ್ಲ. ಮಗ್ಗದ ಕುಣಿಯೊಳಗೆ ಕಾಲಿಳಿಸಿದರೆ ಊಟದ ತನಕ ಏಳದ ಹೆಂಗಸು, ಲಾಳಿ ಕೆಳಗಿಟ್ಟು ಎದ್ದಳು. "ನಡಿ, ತೋರಸು."

ಹಕ್ಕಿ ಅಲ್ಲೇ ನಿಂತಿತ್ತು. ಕಪ್ಪು ರೆಕ್ಕೆ, ಬಿಳಿ ಹೊಟ್ಟೆ, ಕಡ್ಡಿಯಂಥ ಕೆಂಪು ಕಾಲು. ಅಜ್ಜಿ ದಂಡೆಯಲ್ಲಿ ಕೂತು ಹಕ್ಕಿಯನ್ನಲ್ಲ, ಅದರ ಕಾಲ ಸುತ್ತಲಿನ ನೀರನ್ನೇ ನೋಡತೊಡಗಿದಳು. ಬಣ್ಣ ಹಾಕಿದ ನೂಲನ್ನು ನೀರಲ್ಲಿ ಅದ್ದಿ ಪರೀಕ್ಷಿಸುವಾಗಿನ ಅದೇ ಮುಖ. ಬಹಳ ಹೊತ್ತಿನ ಮೇಲೆ ತೊಡೆ ತಟ್ಟಿ ಎದ್ದಳು.

ಓಣಿಯ ತುದಿಯಿಂದಲೇ ಕೂಗಿದಳು: "ಕೇಳ್ರಿ ಇಲ್ಲೆ! ಇಷ್ಟೊತ್ತು ನೀರಾಗ ನಿಂತ್ರೂ ಬಣ್ಣ ಬಿಡ್ಲಿಲ್ಲ. ಪಕ್ಕಾ ಬಣ್ಣ! ನನ್ನ ಮೊಮ್ಮಗಳು ಹೇಳಿದ್ದು ಖರೆ!"

ಮಗ್ಗಗಳ ಸದ್ದು ನಿಂತಿತು. ಅರ್ಧ ಓಣಿಯೇ ಕೆರೆಗೆ ಹೊರಟಿತು. ತಲೆ ತಗ್ಗಿಸಿಕೊಂಡು ಅಣ್ಣ ಕೊನೆಗೆ, ಎದೆ ಉಬ್ಬಿಸಿಕೊಂಡು ನಾನು ಎಲ್ಲರಿಗಿಂತ ಮುಂದೆ.

ಇವತ್ತು ಹಿನ್ನೀರಿನ ದಂಡೆಯಲ್ಲಿ ನನ್ನ ಮಗಳು ದುರ್ಬೀನು ಇಳಿಸಿ ಕೇಳಿದಳು: "ಅವ್ವಾ, ಅಲ್ಲಿ ನೀರಾಗ ನಿಂತ ಹಕ್ಕಿ ಕಾಲು ಖರೇನ ಅಷ್ಟು ಕೆಂಪು ಅದಾವೇನ?"

ಅದು ಮೆಟ್ಟುಗಾಲು ಹಕ್ಕಿ ಎಂದು ಆಮೇಲೆ ಹೇಳಿದರಾಯಿತು.

"ನೀರು ನೋಡವಾ," ಅಂದೆ.