ಕಂಬಳಿ ಹೊದ್ದ ಲಾರಿ, ಬೆವರಿದ ರಾಯರು

ಯಂತ್ರ ಬಲ್ಲವರು ನಮ್ಮ ಸೀಮೆಯಲ್ಲಿ ಹಲವರಿದ್ದಾರೆ. ಕಾದ ಎಂಜಿನ್ನನ್ನೂ ಕಾದ ಮನಸ್ಸನ್ನೂ ಒಂದೇ ಕೈಯಿಂದ ತಣಿಸಬಲ್ಲವರು ವಿರಳ. ಅಂಥ ವಿರಳರಲ್ಲಿ ಹಿರಿಯರಾದ ಫೋರ್‌ಮನ್ ಶ್ರೀ ಪಂಢರಿನಾಥರಾಯರು ೧೯೭೯ರ ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿದ್ದಾರೆ.

ಮುದ್ದೇಬಿಹಾಳದಲ್ಲಿ ಸೇವೆಗೆ ಸೇರಿ, ಬಸವನ ಬಾಗೇವಾಡಿಯಲ್ಲಿ ಕೈ ಪಳಗಿಸಿಕೊಂಡು, ಇಂಡಿ ಪಟ್ಟಣದ ವರ್ಕ್‌ಶಾಪಿಗೆ ಹಿರಿತನ ತಂದವರು ಅವರು. ಹೊಸಬನೊಬ್ಬ ಬೋಲ್ಟು ಮುರಿದಾಗ, "ಅದಕ್ಕೂ ವಯಸ್ಸಾಗಿತ್ತು ಬಿಡಪಾ" ಎಂದು ತಪ್ಪನ್ನು ಬೋಲ್ಟಿನ ತಲೆಗೇ ಕಟ್ಟಿದ ಉದಾರಿಗಳು.

೧೯೭೪ರಲ್ಲಿ ಕುರಿ ಸಿಡುಬಿನ ಔಷಧ ಸಾಗಿಸಲೆಂದು ಹಳೆಯ ಲಾರಿಯೊಂದು ತಂಪಿನ ಯಂತ್ರ ಹೊತ್ತು ಬಂದಿತು. ಔಷಧದ ಬಿಸಿಯನ್ನೆಲ್ಲ ಹೊರಗೆ ತಳ್ಳುವ ಆ ಯಂತ್ರದ ಜಾಲರಿ ಕುಳಿತದ್ದು ಸರಿಯಾಗಿ ರೇಡಿಯೇಟರಿನ ಮುಂದೆ. ಮೊದಲೇ ಮುದಿ ಎಂಜಿನ್ನು, ಮೇಲೆ ಪರರ ಬಿಸಿ. ಏರು ಬಂದರೆ ಸಾಕು, ನೀರು ಕುದಿಯುತ್ತಿತ್ತು. ರಾಯರು ಎರಡು ಕರೆಂಟಿನ ಫ್ಯಾನು ಕೂಡಿಸಿ ಸ್ವಿಚ್ಚನ್ನು ಡ್ರೈವರ್ ಧೂಳಪ್ಪನ ಕೈಗಿತ್ತರು. ಧೂಳಪ್ಪ ಹಾಕುವುದನ್ನು ಮರೆಯಲಿಲ್ಲ, ಆರಿಸುವುದನ್ನು ಮರೆತ. ಮರುದಿನ ಬ್ಯಾಟರಿ ಸತ್ತು, ಸಿಂದಗಿಯ ಅರ್ಧ ಬಜಾರವೇ ಲಾರಿ ನೂಕಬೇಕಾಯಿತು. ಆಗ ರಾಯರು ಸ್ವಿಚ್ಚನ್ನೇ ಕಿತ್ತು, ತಂಪಿನ ಯಂತ್ರ ಚಾಲೂ ಆದರೂ ಫ್ಯಾನು ತಾನೇ ತಿರುಗುವಂತೆ, ಎಂಜಿನ್ನಿನ ನೀರು ಕಾದರೂ ತಿರುಗುವಂತೆ, ಎರಡೂ ಇಲ್ಲದಾಗ ತೆಪ್ಪಗಿರುವಂತೆ ತಂತಿ ಜೋಡಿಸಿದರು.

"ಇದು ಫ್ಯಾನಲ್ರೀ, ಹೊಸಾ ಸೊಸಿ," ಎಂದ ಧೂಳಪ್ಪ. "ಅತ್ತಿ ಕರದ್ರೂ ಏಳತೈತಿ, ಮಾವ ಕರದ್ರೂ ಏಳತೈತಿ."

ಮುಂದಿನ ಬೇಸಿಗೆಯಲ್ಲಿ ಗೊಳಸಂಗಿಯ ಹತ್ತಿರ ಸಿಡುಬು ಕಾಣಿಸಿತು. ಔಷಧದೊಂದಿಗೆ, ಧೂಳಪ್ಪನ ಜೊತೆ, ರಾಯರೇ ಹೊರಟರು. ದಾರಿಯಲ್ಲಿ ಕನ್ನೊಳ್ಳಿಯ ಕುರಿಗಳಿಗೆ ಸೂಜಿ ಹಾಕಿಸಿದ್ದಾಯಿತು. ಅಲ್ಲಿಯ ಹಿರಿಯ ಕುರಿಗಾರ್ತಿ ಶೇವಂತೆವ್ವ ಹಿಗ್ಗಿನಲ್ಲಿ ಮನೆಗೆ ಓಡಿ, ಹೊಸ ಕರಿ ಕಂಬಳಿ ತಂದು, ಲಾರಿಯ ಮೂತಿಗೇ ಹೊದಿಸಿ ಬಿಗಿದು ಕಟ್ಟಿದಳು.

"ಹೊಟ್ಯಾಗ ಬರ್ಫ ಇಟ್ಕೊಂಡು ಊರೂರು ತಿರಗತೈತಿ. ಪಾಪ, ಅದಕ್ಕ ಥಂಡಿ ಹತ್ತೂದಿಲ್ಲೇನ್ರಿ?"

ಕುರುಬರ ಮನೆಯಲ್ಲಿ ಕಂಬಳಿಗಿಂತ ದೊಡ್ಡ ಮರ್ಯಾದೆಯಿಲ್ಲ. ಊರು ದಾಟಿ ಬಿಚ್ಚೋಣವೆಂದರೆ ಶೇವಂತೆವ್ವ ಗೊಳಸಂಗಿಯಲ್ಲಿದ್ದ ತನ್ನ ತಮ್ಮ ಅಮಸಿದ್ದನನ್ನು ನೋಡಲು ಅದೇ ಲಾರಿ ಹತ್ತಿ ನಡುವೆ ಕುಳಿತಿದ್ದಳು. ಕಂಬಳಿಯೊಳಗೆ ಫ್ಯಾನೆಂಬ ಸೊಸೆಯರಿಬ್ಬರೂ ಗಿರಗಿರ ತಿರುಗುತ್ತಿದ್ದರು. ಗಾಳಿಗೆ ಮಾತ್ರ ದಾರಿಯಿರಲಿಲ್ಲ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರತೊಡಗಿತು. ಎಂಜಿನ್ನು ನಿಂತರೆ ತಂಪೂ ನಿಲ್ಲುತ್ತದೆ, ಔಷಧ ಕೆಡುತ್ತದೆ, ಅಮಸಿದ್ದನ ಹಿಂಡು ಉಳಿಯದು. ಕಂಬಳಿ ಕಿತ್ತರೋ, ಅಕ್ಕನ ಮಾನ ಕಳೆದವರ ಸೂಜಿಗೆ ಅವನು ಕುರಿ ಹಿಡಿದುಕೊಡುವನೆ? ರಾಯರಿಗೆ ಅದು ಬಾಯಲ್ಲಿಟ್ಟ ಬಿಸಿತುಪ್ಪವಾಯಿತು.

ಹೊಗೆಯಾಡುವ ಮುನ್ನ ಲಾರಿ ನಿಲ್ಲಿಸಿದರು. "ಅವ್ವಾ, ಈ ಗಾಡಿ ನನ್ನ ಕೈಯಾಗ ಬೆಳದ ಮಗಾ. ಮಗಗ ಕಂಬಳಿ ಹೊದಿಸಿ ಅಪ್ಪಗ ಬರೇ ಮೈಲೆ ಕೂಡ್ರಿಸಿದ್ರ ಹೆಂಗ?"

ಶೇವಂತೆವ್ವ ನಾಲಿಗೆ ಕಚ್ಚಿಕೊಂಡಳು. "ತಪ್ಪಾತ್ರೀ ಯಪ್ಪಾ!" ಎನ್ನುತ್ತ ತಾನೇ ಬಿಚ್ಚಿ ತಂದು ರಾಯರಿಗೆ ಕೊರಳ ತನಕ ಸುತ್ತಿದಳು. ಮುಳ್ಳು ಇಳಿಯಿತು, ರಾಯರ ಬೆವರೂ ಇಳಿಯಿತು. ಸುಡುವ ಬಿಸಿಲಲ್ಲಿ ಗೊಳಸಂಗಿಯವರೆಗೆ ಅವರು ಆ ಕಂಬಳಿಯ ಅಂಚನ್ನೂ ಸಡಿಲಿಸಲಿಲ್ಲ. ಔಷಧ ತಣ್ಣಗೆ ತಲುಪಿತು, ಫೋರ್‌ಮನ್ನರು ಬೆಂದು ತಲುಪಿದರು. ಅಮಸಿದ್ದ ಮೊದಲು ಅವರಿಗೆ ಮಜ್ಜಿಗೆ ಕೊಟ್ಟು, ಆಮೇಲೆ ಒಂದೊಂದೇ ಕುರಿ ಹಿಡಿದುಕೊಟ್ಟ. ಹಿಂಡು ಉಳಿಯಿತು.

ಇಂಥ ಹಿರಿಯರ ಸಮಾರಂಭಕ್ಕೆ ರೇಷ್ಮೆ ಶಾಲು ತರಿಸಿದ್ದೆವು. ಮೊನ್ನೆ ಧೂಳಪ್ಪನ ಕೈಯಲ್ಲಿ ಕನ್ನೊಳ್ಳಿಯಿಂದ ಗಂಟೊಂದು ಬಂದಿತು. ಆ ದಿನ ಕಂಬಳಿಯಿಂದಲೇ ಎಂಜಿನ್ನು ಕಾದ ಗುಟ್ಟನ್ನು ಅವನು ಎಂದೋ ಶೇವಂತೆವ್ವನ ಮುಂದೆ ಬಾಯಿಬಿಟ್ಟಿದ್ದನಂತೆ. ಗಂಟಿನಲ್ಲಿದ್ದದ್ದು ಹೊಸ ಕಂಬಳಿ. ಎತ್ತಿ ಹಿಡಿದರೆ ಆಚೆಯ ಬೆಳಕು ಕಾಣುತ್ತದೆ. ಜೊತೆಗೆ ಶೇವಂತೆವ್ವನ ಮಾತು: "ಈ ಸಲ ಸಡಿಲ ನೇಸೇನ್ರಿ. ರಾಯರಿಗೂ ಗಾಳಿ ಆಡಬೇಕಲ್ರೀ."

ಶಾಲು ಪೆಟ್ಟಿಗೆಯಲ್ಲೇ ಉಳಿಯಲಿದೆ. ಈ ಕಂಬಳಿ ಹೊದ್ದು ರಾಯರು ನೂರ್ಕಾಲ ಬಾಳಲಿ, ಬಿಚ್ಚಿಟ್ಟ ಎಂಜಿನ್ನುಗಳ ನಡುವೆಯೇ ಇರಲಿ. ಇನ್ನಾದರೂ ಸೆಕೆಯಾದಾಗ ಸೆಕೆಯೆಂದು ಹೇಳಲಿ.